ಹೆಣ್ಣುಮಕ್ಕಳಿಗೆ ಮಾತ್ರ ಮನೆ ಯಾಕೆ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಭಾನುವಾರ ಬಂದರೆ ನಾನು ಪೀಣ್ಯ, ದಾಸರಹಳ್ಳಿ ಕಡೆ ಹೋಗುತ್ತೇನೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳ ಜೊತೆ ಬಾಡಿಗೆ ಮನೆ ಹುಡುಕುತ್ತೇನೆ. ಕರಾರು ಪತ್ರದಲ್ಲಿ ಏನು ಬರೆದಿದೆ ಅಂತ ಓದಿ ಹೇಳುತ್ತೇನೆ. ಅಡ್ವಾನ್ಸ್ ವಾಪಸ್ ಕೊಡದ ಮಾಲೀಕರ ಹತ್ತಿರ ಮಾತಾಡಲು ಜೊತೆಗೆ ಹೋಗುತ್ತೇನೆ. ಹತ್ತು ವರ್ಷದಿಂದ ಹೀಗೇ ನಡೆದುಕೊಂಡು ಬಂದಿದೆ. ಕಡಿಮೆ ಬಾಡಿಗೆಯಲ್ಲಿ ಹೆಣ್ಣುಮಕ್ಕಳಿಗೇ ಅಂತ ಸರ್ಕಾರ ಮನೆ ಕಟ್ಟಿಸಬೇಕು ಅಂತ ನಾನು ಎಲ್ಲಿ ಹೇಳಿದರೂ ಒಂದೇ ಪ್ರಶ್ನೆ ಬರುತ್ತದೆ. "ಗಂಡಸರಿಗೆ ಅನ್ಯಾಯ ಅಲ್ವಾ? ಅವರಿಗೂ ಬಾಡಿಗೆ ಕಷ್ಟ ಇಲ್ವಾ?"

ಇದೆ. ಯಾದಗಿರಿ, ರಾಯಚೂರು, ಬಿಹಾರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಹುಡುಗರು ತಗಡಿನ ಶೆಡ್ಡಿನಲ್ಲಿ ಸಾಲಾಗಿ ಮಲಗುವುದನ್ನು ನೋಡಿದ್ದೇನೆ. ಅವರಿಗೂ ಒಳ್ಳೆಯ ಮನೆ ಬೇಕು. ಅದಕ್ಕಾಗಿ ಯಾರಾದರೂ ಕೇಳಿದರೆ ನಾನೂ ದನಿ ಸೇರಿಸುತ್ತೇನೆ. ಆದರೆ ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಆ ಹುಡುಗರ ಬಗ್ಗೆ ಬೇರೆ ಯಾವತ್ತೂ ಮಾತಾಡಿದ್ದನ್ನು ನಾನು ಕೇಳಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ ಉಚಿತವಾದಾಗಲೂ ಇದೇ ಮಾತು ಕೇಳಿಸಿತ್ತು.

ಒಂದು ವಿಷಯ ಗಮನಿಸಿ. ನಮ್ಮ ರಾಜ್ಯದ ಬಸವ ವಸತಿ ಯೋಜನೆಯಲ್ಲಿ ಮನೆ ಸಾಮಾನ್ಯವಾಗಿ ಮಂಜೂರಾಗುವುದೇ ಹೆಂಗಸಿನ ಹೆಸರಿಗೆ. ಕೇಂದ್ರದ ಆವಾಸ್ ಯೋಜನೆಯಲ್ಲೂ ಹೆಂಗಸಿನ ಹೆಸರಿಗೋ, ಗಂಡ ಹೆಂಡತಿ ಇಬ್ಬರ ಹೆಸರಿಗೋ ಕೊಡುವುದಕ್ಕೆ ಒತ್ತು ಇದೆ. ಹಕ್ಕುಪತ್ರ ಹೆಂಡತಿಯ ಹೆಸರಿನಲ್ಲಿ ಬಂದಾಗ ಊರಲ್ಲಿ ಯಾರೂ "ಗಂಡಸರಿಗೆ ಅನ್ಯಾಯ" ಅಂದಿದ್ದನ್ನು ನಾನು ಕೇಳಿಲ್ಲ. ಅವಳ ಹಿಂದೆ ಗಂಡ, ಮಕ್ಕಳು, ಅತ್ತೆ, ಮಾವ ಎಲ್ಲರೂ ಆ ಮನೆಗೆ ಬರುತ್ತಾರಲ್ಲ. ಒಬ್ಬಳೇ ಇರುವ ಹೆಣ್ಣಿಗೆ ಮನೆ ಕೊಡುತ್ತೇವೆ ಅಂದ ಕೂಡಲೇ ನ್ಯಾಯ ಅನ್ಯಾಯದ ಮಾತು ಶುರುವಾಗುತ್ತದೆ. ಹಾಗಾದರೆ ಜನರಿಗೆ ತಡೆಯಲಾಗದೆ ಇರುವುದು ಗಂಡಸಿಗೆ ಸಿಗಲಿಲ್ಲ ಅನ್ನುವುದೋ, ಹೆಣ್ಣು ಒಬ್ಬಳೇ ಇದ್ದಾಳೆ ಅನ್ನುವುದೋ? ನನಗೆ ಎರಡನೆಯದೇ ಅನಿಸುತ್ತದೆ.

ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆ ಗೊತ್ತು, ಇಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ರೂಢಿ ಹಳೆಯದು. ಈಗ ಕೆಲವರು ಕಡಿಮೆ ಮಾಡಿದ್ದಾರೆ, ಎಲ್ಲರೂ ಅಲ್ಲ. ಅಷ್ಟು ದುಡ್ಡು ಹೊಂದಿಸಿಕೊಂಡು ಹೋದ ಮೇಲೂ ಒಬ್ಬಳೇ ಹೋದವಳಿಗೆ ಪರೀಕ್ಷೆ ಮುಗಿಯುವುದಿಲ್ಲ. ಮದುವೆ ಆಗಿದೆಯಾ? ಗಂಡ ಎಲ್ಲಿ? ಮನೆಗೆ ಯಾರು ಯಾರು ಬರ್ತಾರೆ? ರಾತ್ರಿ ಪಾಳಿ ಇದೆಯಾ? ಯಾವ ಜನ? "ಬ್ಯಾಚುಲರ್ಸ್‌ಗೆ ಕೊಡೋಲ್ಲ" ಅಂತ ಹುಡುಗರನ್ನೂ ವಾಪಸ್ ಕಳಿಸುತ್ತಾರೆ, ನಿಜ. ಆದರೆ ಆ ಹುಡುಗ ಅಗ್ಗದ ಮನೆ ಹುಡುಕಿಕೊಂಡು ದೂರ ಹೋಗಬಹುದು. ಬೀದಿದೀಪ ಇಲ್ಲದ ಓಣಿಯ ಕೊನೆಯಲ್ಲಿ, ಬಸ್ ಸ್ಟಾಪಿನಿಂದ ಇಪ್ಪತ್ತು ನಿಮಿಷ ನಡೆಯಬೇಕಾದ ಕಡೆ, ಬಾಡಿಗೆ ಸಾವಿರದೈನೂರು ಕಡಿಮೆ ಇರುತ್ತದೆ. ಅಲ್ಲಿಗೆ ಅವನು ರಾತ್ರಿ ಹತ್ತಕ್ಕೆ ನಡೆದು ಹೋಗುತ್ತಾನೆ. ಇವಳು ಅದೇ ದಾರಿಯಲ್ಲಿ ಹೋಗಲು ಆಟೋ ಹಿಡಿಯಬೇಕು, ಇಲ್ಲವೆ ಓವರ್‌ಟೈಮ್ ಬಿಡಬೇಕು. ಉಳಿದ ದುಡ್ಡು ಅಲ್ಲೇ ಹೋಯಿತು.

ಇನ್ನು ವಠಾರದ ಮಾತು. ಹತ್ತು ಹನ್ನೆರಡು ಮನೆಗೆ ಎರಡು ಪಾಯಖಾನೆ, ಅದೂ ಸಾಲಿನ ತುದಿಯಲ್ಲಿ. ಸಂಜೆ ಆರರ ಮೇಲೆ ನೀರು ಕುಡಿಯುವುದನ್ನೇ ಬಿಟ್ಟ ಹೆಣ್ಣುಮಕ್ಕಳನ್ನು ನಾನು ಬಲ್ಲೆ. ರಾತ್ರಿ ಎದ್ದು ಅಷ್ಟು ದೂರ ಹೋಗಬೇಕಲ್ಲ, ಅದಕ್ಕೆ. ಕಾರ್ಖಾನೆಯಲ್ಲಿ ಟಾರ್ಗೆಟ್ ಅಂತ ಹಗಲೂ ಕುಡಿಯುವುದಿಲ್ಲ, ಮನೆಗೆ ಬಂದ ಮೇಲೂ ಕುಡಿಯುವುದಿಲ್ಲ. ಇವಳ ಬಾಡಿಗೆ ಎಷ್ಟು ಅಂತ ಲೆಕ್ಕ ಹಾಕುವಾಗ ಇದನ್ನೂ ಸೇರಿಸಬೇಕು ಅಂತ ನಾನು ಹೇಳುತ್ತೇನೆ.

ಈ ವಾದ ನಮ್ಮಲ್ಲಿ ಮಾತ್ರ ಇರುವುದಲ್ಲ. ಲಂಡನ್‌ನಲ್ಲಿ ವಿಮೆನ್ಸ್ ಪಯನಿಯರ್ ಹೌಸಿಂಗ್ ಅಂತ ಒಂದು ಸಂಸ್ಥೆ ಇದೆ. ಹೆಂಗಸರ ಮತದ ಹಕ್ಕಿಗಾಗಿ ಹೋರಾಡಿದವರು 1920ರಲ್ಲಿ ಕಟ್ಟಿದ್ದು. ಎತೆಲ್‌ಡ್ರೆಡ್ ಬ್ರೌನಿಂಗ್ ಅವರಲ್ಲಿ ಮುಖ್ಯರು. ಮೊದಲ ಮಹಾಯುದ್ಧ ಮುಗಿದಿತ್ತು. ಹೆಂಗಸರು ದುಡಿಯಲು ಶುರು ಮಾಡಿದ್ದರು, ಒಬ್ಬರೇ ಇರಲು ಯೋಗ್ಯವಾದ ಮನೆ ಸಿಗುತ್ತಿರಲಿಲ್ಲ. ದೊಡ್ಡ ದೊಡ್ಡ ಹಳೆಯ ಮನೆಗಳನ್ನು ಕೊಂಡು, ಒಳಗೆ ಸಣ್ಣ ಫ್ಲಾಟು ಮಾಡಿ ಬಾಡಿಗೆಗೆ ಕೊಟ್ಟರು. ನೂರು ವರ್ಷವಾದರೂ ಆ ಸಂಸ್ಥೆ ನಡೆಯುತ್ತಿದೆ. ಪಶ್ಚಿಮ ಲಂಡನ್‌ನ ಆಕ್ಟನ್‌ನಲ್ಲಿ ಒಂಟಿ ಹೆಂಗಸರಿಗೆ ಅಂತ ಅವರು 102 ಫ್ಲಾಟಿನ ಕಟ್ಟಡ ಕಟ್ಟಿಸಲು ಹೊರಟಾಗ ಅಲ್ಲೂ ಇದೇ ಗಲಾಟೆ. ಗಂಡಸರನ್ನು ಹೊರಗಿಡುವುದು ಸರಿಯಾ ಅಂತ. ಅಲ್ಲಿನ 2010ರ ಸಮಾನತೆಯ ಕಾಯಿದೆ ಇಂಥದ್ದಕ್ಕೆ ಅವಕಾಶ ಇಟ್ಟಿದೆ. ನಮ್ಮ ಸಂವಿಧಾನದ 15(3)ನೇ ವಿಧಿಯೂ ಹೆಂಗಸರಿಗೆ, ಮಕ್ಕಳಿಗೆ ಸರ್ಕಾರ ವಿಶೇಷ ಏರ್ಪಾಡು ಮಾಡಬಹುದು ಅನ್ನುತ್ತದೆ. ಹಾಗಾಗಿ ಕಾನೂನಿನ ಮಾತು ಇಷ್ಟಕ್ಕೇ ಸಾಕು.

ನನ್ನನ್ನು ತಡೆದು ನಿಲ್ಲಿಸುವುದು ಬೇರೆ. ಲಂಡನ್‌ನಲ್ಲಿ ಜಗಳ ಆಗಿದ್ದು ಫ್ಲಾಟಿನ ಬಗ್ಗೆ. ಅಡುಗೆಮನೆ, ಬಚ್ಚಲು, ಬಾಗಿಲು, ಬೀಗದ ಕೈ ಎಲ್ಲ ಇರುವ ಮನೆ. ನಮ್ಮಲ್ಲಿ "ಹೆಣ್ಣುಮಕ್ಕಳಿಗೆ ಮಾತ್ರ" ಅಂದರೆ ಮನಸ್ಸಿಗೆ ಬರುವುದೇ ಹಾಸ್ಟೆಲ್. ಒಂದು ಮಂಚ, ಒಂದು ಲಾಕರ್, ಗೇಟಿನಲ್ಲಿ ಒಂದು ರಿಜಿಸ್ಟರ್.

ನಾನೂ ಆ ರಿಜಿಸ್ಟರಿಗೆ ಸಹಿ ಹಾಕಿದವಳೇ. 2003ರಲ್ಲಿ ತರೀಕೆರೆಯಿಂದ ಬಂದು ಬೆಂಗಳೂರಿನ ಒಂದು ಹಾಸ್ಟೆಲ್‌ನಲ್ಲಿ ನಾಲ್ಕು ವರ್ಷ ಇದ್ದೆ. ಆ ಹಾಸ್ಟೆಲ್ ಇಲ್ಲದಿದ್ದರೆ ಅಪ್ಪ ನನ್ನನ್ನು ಕೆಲಸಕ್ಕೆ ಕಳಿಸುತ್ತಲೇ ಇರಲಿಲ್ಲ. ಆ ಋಣ ದೊಡ್ಡದು. ಆದರೆ ಎಂಟೂವರೆಗೆ ಗೇಟು ಹಾಕುತ್ತಿದ್ದರು. ಒಂದು ಮಳೆಗಾಲದ ರಾತ್ರಿ ಬಸ್ಸು ಕೆಟ್ಟು ನಿಂತು ನಾನು ಬಂದಾಗ ಒಂಬತ್ತು ಗಂಟೆ. ವಾರ್ಡನ್ ಕಿಟಕಿಯಿಂದ ನೋಡಿ, ಒಳಗೆ ಹೋದರು. ಅರ್ಧ ಗಂಟೆ ಮಳೆಯಲ್ಲಿ ನಿಂತೆ. ಕೊನೆಗೆ ಬಾಗಿಲು ತೆಗೆದು, "ಊರಿಗೆ ಫೋನ್ ಮಾಡಿ ನಿಮ್ಮ ತಂದೆ ಹತ್ರ ಮಾತಾಡಿದೀನಿ" ಅಂದರು. ನನಗೆ ಆಗ ಇಪ್ಪತ್ತಾರು ವರ್ಷ. ತಿಂಗಳು ತಿಂಗಳು ತಪ್ಪದೆ ಬಾಡಿಗೆ ಕಟ್ಟುತ್ತಿದ್ದೆ. ಬಾಡಿಗೆ ಕಟ್ಟುವ ಯಾವ ಗಂಡಸಿನ ಅಪ್ಪನಿಗೂ ಮಾಲೀಕರು ಹಾಗೆ ಫೋನ್ ಮಾಡುವುದಿಲ್ಲ. ಆ ರಾತ್ರಿ ಒದ್ದೆ ಬಟ್ಟೆಯಲ್ಲಿ ಮಂಚದ ಮೇಲೆ ಕೂತು ಯೋಚಿಸಿದ್ದೇ ಇವತ್ತಿಗೂ ನನ್ನ ಉತ್ತರ. ನನಗೆ ಕಾವಲು ಬೇಡ, ಬೀಗದ ಕೈ ಬೇಕು.

ಸರ್ಕಾರದ ಯೋಜನೆ ಹೇಗಿದೆ ನೋಡೋಣ. ದುಡಿಯುವ ಮಹಿಳೆಯರ ಹಾಸ್ಟೆಲ್ ಯೋಜನೆ ಶುರುವಾಗಿದ್ದು 1972-73ರಲ್ಲಿ. ಈಗ ಅದರ ಹೆಸರು ಸಖಿ ನಿವಾಸ. ಇದರಲ್ಲಿ ನನಗೆ ತುಂಬಾ ಇಷ್ಟವಾಗುವ ಒಂದು ನಿಯಮ ಇದೆ. ಬಾಡಿಗೆಯನ್ನು ಸಂಬಳದ ಲೆಕ್ಕದಲ್ಲಿ ಕಟ್ಟಿಹಾಕಿದ್ದಾರೆ. ಒಬ್ಬರ ಕೋಣೆಗೆ ಸಂಬಳದ ಶೇ 15, ಇಬ್ಬರ ಕೋಣೆಗೆ ಶೇ 10, ಡಾರ್ಮಿಟರಿಗೆ ಶೇ 7.5, ಇದಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರವೂ ಇರಬೇಕು. ಕೈಗೆಟಕುವ ಬಾಡಿಗೆ ಅಂದರೆ ಎಷ್ಟು ಅನ್ನುವುದಕ್ಕೆ ಇಷ್ಟು ಸರಳ ಉತ್ತರ ಬೇರೆ ಯಾವ ವಸತಿ ಯೋಜನೆಯಲ್ಲೂ ನಾನು ನೋಡಿಲ್ಲ. ಆದರೆ ಅಲ್ಲಿ ಇರಬಹುದಾದದ್ದು ಮೂರು ವರ್ಷ. ತೀರಾ ಕಷ್ಟವಿದ್ದರೆ ಆರಾರು ತಿಂಗಳು ವಿಸ್ತರಿಸಿ ಐದು ವರ್ಷದವರೆಗೆ. ಆಮೇಲೆ ಹೊರಡಬೇಕು. ಎಲ್ಲಿಗೆ? ಮದುವೆಯಾಗಿ ಗಂಡನ ಮನೆಗೆ ಅನ್ನುವ ಊಹೆ ಆ ನಿಯಮದ ಹಿಂದೆ ಇದೆ ಅಂತ ನನಗೆ ಅನಿಸುತ್ತದೆ. ಗಂಡನ ಮನೆಯಿಂದಲೇ ಎದ್ದು ಬಂದವಳು, ಗಂಡ ತೀರಿಕೊಂಡವಳು, ಮದುವೆ ಬೇಡ ಅಂದವಳು, ಇವರೆಲ್ಲ ಐದು ವರ್ಷ ಆದ ಮೇಲೆ ಮತ್ತೆ ಅದೇ "ಗಂಡ ಎಲ್ಲಿ" ಅನ್ನುವ ಮಾಲೀಕರ ಮುಂದೆ ನಿಲ್ಲಬೇಕು.

2024ರ ಕೇಂದ್ರ ಬಜೆಟ್ ಈ ಹಾಸ್ಟೆಲ್‌ಗಳ ಬಗ್ಗೆ ಮತ್ತೆ ಮಾತಾಡಿತು. ರಾಜ್ಯಗಳು ಕಟ್ಟಲು 5,000 ಕೋಟಿ ರೂಪಾಯಿ ಇಟ್ಟರು. ಅದೇ ವರ್ಷ ಆಗಸ್ಟ್‌ನಲ್ಲಿ ತಮಿಳುನಾಡಿನ ಶ್ರೀಪೆರಂಬದೂರು ಹತ್ತಿರದ ವಲ್ಲಂ ವಡಗಾಲ್‌ನಲ್ಲಿ ಐಫೋನ್ ಜೋಡಿಸುವ ಹೆಣ್ಣುಮಕ್ಕಳಿಗೆ ದೊಡ್ಡ ವಸತಿ ಸಮುಚ್ಚಯ ಉದ್ಘಾಟನೆಯಾಯಿತು. 706 ಕೋಟಿ ಖರ್ಚು, 18,720 ಜನರಿಗೆ ಜಾಗ. ಅದರ ಹಿಂದೆ ಒಂದು ಕಹಿ ಘಟನೆ ಇದೆ. 2021ರ ಡಿಸೆಂಬರ್‌ನಲ್ಲಿ ಆ ಕಾರ್ಮಿಕರ ಒಂದು ಹಾಸ್ಟೆಲ್‌ನಲ್ಲಿ ಊಟ ವಿಷವಾಗಿ ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಹೆಣ್ಣುಮಕ್ಕಳು ಚೆನ್ನೈ ಬೆಂಗಳೂರು ಹೆದ್ದಾರಿಯಲ್ಲಿ ಕೂತುಬಿಟ್ಟರು. ಹಾಗೆ ಕೂತಿದ್ದಕ್ಕೇ ದೇಶ ತಿರುಗಿ ನೋಡಿತು. ಹೊಸ ಕಟ್ಟಡ ಹಳೆಯ ಕೋಣೆಗಳಿಗಿಂತ ಎಷ್ಟೋ ವಾಸಿ, ಅದರಲ್ಲಿ ಅನುಮಾನ ಇಲ್ಲ. ನನ್ನ ಆತಂಕ ಇಷ್ಟೇ. ಕೆಲಸದ ಜೊತೆ ಮಂಚ ಕಟ್ಟಿದರೆ, ಕೆಲಸ ಹೋದ ದಿನ ಮಂಚವೂ ಹೋಗುತ್ತದೆ. ಸೂಪರ್‌ವೈಸರ್ ಬೈದಾಗ ತಿರುಗಿ ಮಾತಾಡುವ ಮೊದಲು ಅವಳು "ಇವತ್ತು ರಾತ್ರಿ ಎಲ್ಲಿ ಮಲಗಲಿ" ಅಂತ ಯೋಚಿಸಬೇಕಾಗುತ್ತದೆ. ಈಗ ದೇವನಹಳ್ಳಿ, ದೊಡ್ಡಬಳ್ಳಾಪುರ ಕಡೆಯೂ ಇಂಥ ಡಾರ್ಮಿಟರಿಗಳು ಬರುತ್ತಿವೆ. ಬಾಡಿಗೆ ಕರಾರು ಕಾರ್ಖಾನೆಯ ಹೆಸರಲ್ಲಿ ಬೇಡ, ಅವಳ ಹೆಸರಲ್ಲೇ ಇರಲಿ ಅಂತ ಈಗಲೇ ಕೇಳಬೇಕು.

"ಆದ್ರೆ ಸೇಫ್ಟಿ?" ಅಂತ ಕೇಳುತ್ತಾರೆ. ಗೇಟು, ಸಮಯ, ವಾರ್ಡನ್ ಇಲ್ಲದೆ ಆಗುತ್ತಾ ಅಂತ. 2024ರ ಜುಲೈನಲ್ಲಿ ಕೋರಮಂಗಲದ ಒಂದು ಲೇಡೀಸ್ ಪಿಜಿಯೊಳಗೆ ರಾತ್ರಿ ಒಬ್ಬ ನುಗ್ಗಿ ಒಬ್ಬ ಹುಡುಗಿಯನ್ನು ಕೊಂದ. ಅದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ. ಹೊರಗೆ "ಮಹಿಳೆಯರಿಗೆ ಮಾತ್ರ" ಅಂತ ಬೋರ್ಡು ಇದ್ದ ಕಟ್ಟಡ ಅದು. ಆಮೇಲೆ ಬಿಬಿಎಂಪಿ ಪಿಜಿಗಳಿಗೆ ನಿಯಮ ತಂದಿತು. ಸಿಸಿಟಿವಿ ಬೇಕು, ಕಾವಲುಗಾರ ಬೇಕು, ಒಬ್ಬೊಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ ಬೇಕು ಅಂತ. ಒಳ್ಳೆಯದೇ. ಆದರೆ ಬೋರ್ಡು ಒಂದೇ ಯಾರನ್ನೂ ಕಾಯುವುದಿಲ್ಲ. ಗಟ್ಟಿಯಾದ ಬಾಗಿಲು, ಕೆಲಸ ಮಾಡುವ ಚಿಲಕ, ಬೆಳಕಿರುವ ಮೆಟ್ಟಿಲು, ಕೂಗಿದರೆ ಹೊರಗೆ ಬರುವ ಪಕ್ಕದ ಮನೆಯವರು, ಇವು ಕಾಯುತ್ತವೆ. ಸಂಜೆ ಎಂಟೂವರೆಗೆ ಹುಡುಗಿಯರನ್ನು ಒಳಗೆ ಹಾಕಿ ಬೀಗ ಜಡಿಯುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಾನು ಮಳೆಯಲ್ಲಿ ಹೊರಗೆ ನಿಂತ ಆ ಅರ್ಧ ಗಂಟೆ ನನ್ನನ್ನು ಯಾರಿಂದ ಕಾಪಾಡಿತು?

ವಾರ್ಡನ್ ಇಲ್ಲದೆ ಆಗುತ್ತಾ ಅನ್ನುವವರಿಗೆ ಇನ್ನೊಂದು ಉದಾಹರಣೆ ಹೇಳುತ್ತೇನೆ. ಲಂಡನ್‌ನ ಹೈ ಬಾರ್ನೆಟ್‌ನಲ್ಲಿ ನ್ಯೂ ಗ್ರೌಂಡ್ ಅಂತ 25 ಫ್ಲಾಟಿನ ಜಾಗ ಇದೆ. ಐವತ್ತು ದಾಟಿದ ಹೆಂಗಸರಿಗೆ ಮಾತ್ರ. ಅವರೇ ಸೇರಿ, ಅವರೇ ಯೋಚಿಸಿ, ಹದಿನೆಂಟು ವರ್ಷ ಓಡಾಡಿ 2016ರಲ್ಲಿ ಅಲ್ಲಿಗೆ ಹೋಗಿ ಸೇರಿದರು. ಕೆಲವು ಫ್ಲಾಟು ಸ್ವಂತದ್ದು, ಕೆಲವು ಕಡಿಮೆ ಬಾಡಿಗೆಯದ್ದು. ನಡೆಸುವವರೂ ಅವರೇ. ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಳ್ಳಬಲ್ಲರು ಅನ್ನುವುದನ್ನು ನಮ್ಮ ವಠಾರಗಳಲ್ಲಿ ನಾನು ದಿನಾ ನೋಡುತ್ತೇನೆ. ಒಬ್ಬಳು ಪಾಳಿಗೆ ಹೋದರೆ ಅವಳ ಮಗುವಿಗೆ ಪಕ್ಕದವಳು ಅನ್ನ ಹಾಕುತ್ತಾಳೆ. ಅದಕ್ಕೆ ಯಾವ ಯೋಜನೆಯೂ ಇಲ್ಲ, ಹೆಸರೂ ಇಲ್ಲ.

ನಾನು ಒಪ್ಪಿಕೊಳ್ಳಬೇಕಾದ ಒಂದು ವಾದ ಇದೆ. ಮನೆಯನ್ನು ಹೆಂಗಸರಿಗೆ ಅಂತ ಬೇರೆ ಮಾಡುವ ಬದಲು, ಊರನ್ನೇ ಹೆಂಗಸರನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿ, ಎಲ್ಲರೂ ಇರಲಿ ಅನ್ನುವುದು. ವಿಯೆನ್ನಾದಲ್ಲಿ ಹಾಗೆ ಮಾಡಿದ್ದಾರೆ. ಫ್ರಾವೆನ್ ವೆರ್ಕ್ ಸ್ಟಾಟ್ ಅನ್ನುವ ಬಡಾವಣೆಯನ್ನು ಹೆಂಗಸರೇ ವಿನ್ಯಾಸ ಮಾಡಿದರು. 1997ರ ಹೊತ್ತಿಗೆ 350ಕ್ಕೂ ಹೆಚ್ಚು ಮನೆ ಆದವು. ಅಡುಗೆಮನೆಯಿಂದ ಮಕ್ಕಳು ಆಡುವ ಅಂಗಳ ಕಾಣಬೇಕು, ಮೆಟ್ಟಿಲಿಗೆ ಬೆಳಕು ಬೀಳಬೇಕು, ಶಿಶುವಿಹಾರ ಹತ್ತಿರ ಇರಬೇಕು ಅಂತೆಲ್ಲ ಯೋಚಿಸಿದರು. ಇರುವವರು ಮಾತ್ರ ಗಂಡಸರು, ಹೆಂಗಸರು, ಎಲ್ಲರೂ. ನನಗೆ ಇದು ನಿಜಕ್ಕೂ ಇಷ್ಟ. ಬೆಂಗಳೂರು ಹಾಗೆ ಆಗುವ ದಿನ ನಾನು ಈ ಬೇಡಿಕೆ ಬಿಡುತ್ತೇನೆ. ಆದರೆ ಅಲ್ಲಿಯವರೆಗೆ ದಾಸರಹಳ್ಳಿಯ ಹುಡುಗಿ ಕಾಯುತ್ತಾ ಇರಲಾಗುವುದಿಲ್ಲ. ಅವಳ ಕರಾರು ಮುಗಿಯುವುದು ಮುಂದಿನ ತಿಂಗಳು.

"ಮಾತ್ರ" ಅನ್ನುವ ಪದದಲ್ಲೂ ತೊಡಕಿದೆ. ಇದನ್ನು ಹೇಳದೆ ಹೋದರೆ ನನ್ನ ಉತ್ತರ ಅರ್ಧ ಆಗುತ್ತದೆ. ಹಾಸ್ಟೆಲ್ ನಿಯಮದಲ್ಲಿ ತಾಯಿಯ ಜೊತೆ ಹೆಣ್ಣುಮಗು 18 ವರ್ಷದವರೆಗೆ ಇರಬಹುದು. ಗಂಡುಮಗುವಿಗೆ ಹಿಂದೆ 5 ವರ್ಷ ಅಂತ ಇತ್ತು, ಈಗ 12 ಮಾಡಿದ್ದಾರೆ. ಹನ್ನೆರಡು ತುಂಬಿದ ಹುಡುಗ ಆ ದಿನದಿಂದ ಗಂಡಸು. ನನಗೆ ಗೊತ್ತಿರುವ ಒಬ್ಬ ತಾಯಿ ಕುಡಿದು ಹೊಡೆಯುವ ಗಂಡನನ್ನು ಬಿಟ್ಟು ಬಂದವಳು. ಇಂಥ ಒಂದು ಹಾಸ್ಟೆಲ್‌ನಲ್ಲೇ ಇದ್ದುಕೊಂಡು, ಹೊಲಿಗೆ ಯಂತ್ರದ ಮೇಲೆ ದುಡಿದು ಮಗನನ್ನು ಓದಿಸುತ್ತಿದ್ದಾಳೆ. ಅವನಿಗೆ ಈ ಶ್ರಾವಣಕ್ಕೆ ಹನ್ನೆರಡು ತುಂಬುತ್ತದೆ. ರಾತ್ರಿ ಅಮ್ಮನ ಸೀರೆ ಹಿಡಿದುಕೊಂಡು ಮಲಗುವ ಹುಡುಗ ಅವನು. "ಅವನನ್ನ ಯಾವ ಹಾಸ್ಟೆಲ್‌ಗೆ ಹಾಕ್ಲಿ ಅಕ್ಕ, ನಾನು ಎಲ್ಲಿಗೆ ಹೋಗ್ಲಿ?" ಅಂತ ಕೇಳಿದಳು. ಅವಳ ಹೆಸರಲ್ಲಿ ಕರಾರು ಇರುವ ಒಂದು ಮನೆ ಇದ್ದಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ಅಲ್ಲಿ ಅವಳ ಮಗ ಇಪ್ಪತ್ತಾದರೂ ಇರಬಹುದಿತ್ತು.

ಮೂರು ಭಾನುವಾರದಿಂದ ನಾವಿಬ್ಬರೂ ಮನೆ ಹುಡುಕುತ್ತಿದ್ದೇವೆ. ಒಂದು ಕಡೆ ಹತ್ತು ತಿಂಗಳ ಅಡ್ವಾನ್ಸ್ ಕೇಳಿದರು. ಇನ್ನೊಂದು ಕಡೆ ಮನೆ ಚೆನ್ನಾಗಿತ್ತು, ಒಳಗೇ ಬಚ್ಚಲು ಇತ್ತು, ಮಾಲೀಕರ ಹೆಂಡತಿ ಕಾಫಿಯನ್ನೂ ಕೊಟ್ಟರು. ಆಮೇಲೆ "ಯಜಮಾನರು ಯಾವಾಗ ಬರ್ತಾರೆ?" ಅಂದರು. ಇಲ್ಲ ಅಂದ ಮೇಲೆ, ತಮ್ಮನಿಗೆ ಬೇಕಂತೆ ಅಂತ ಹೇಳಿ ಕಳಿಸಿದರು. ಬರುವ ಭಾನುವಾರ ಬಾಗಲಗುಂಟೆ ಕಡೆ ಹೋಗಬೇಕು.