ಕಡಲಿಗೆ ಹೋದ ಮಳೆಮಾಪಕ

ನಮ್ಮ ದೊಡ್ಡಪ್ಪ 31 ವರ್ಷದಿಂದ ಮಳೆ ಬರೆದಿಡುತ್ತಿದ್ದಾರೆ. ಬೆಳಿಗ್ಗೆ ಎಂಟೂವರೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಅಂಗಳಕ್ಕೆ ಇಳಿಯುತ್ತಾರೆ. ಮಾಪಕದ ನೀರನ್ನು ಅಳತೆ ಗಾಜಿಗೆ ಬಗ್ಗಿಸುತ್ತಾರೆ, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುತ್ತಾರೆ, ಚೆಲ್ಲುತ್ತಾರೆ. ಆಮೇಲೆ ನೋಟ್‌ಬುಕ್ಕು. ಎಡಗಡೆ ಮಳೆ ನಕ್ಷತ್ರ, ಬಲಗಡೆ ಇಂಚು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಇದೇನು ದೊಡ್ಡ ವಿಷಯ ಅಲ್ಲ ಬಿಡಿ. ಜುಲೈಯಲ್ಲಿ ನೆಂಟರು ಫೋನ್ ಮಾಡಿದರೆ ಆರೋಗ್ಯ ವಿಚಾರಿಸುವ ಮೊದಲು "ನಿಮ್ಮಲ್ಲಿ ಎಷ್ಟು ಇಂಚು?" ಅಂತಲೇ ಕೇಳೋದು.

ಈ ಸಲ ಪುನರ್ವಸು ಮಳೆ ಬಿಡಲೇ ಇಲ್ಲ. ಕೊಳೆರೋಗಕ್ಕೆ ಎರಡನೇ ಸಲ ಬೋರ್ಡೋ ದ್ರಾವಣ ಹೊಡೆಸಬೇಕು. ಮರ ಹತ್ತುವವರು ಹೇಗೋ ಸಿಕ್ಕಿದ್ದರು, ಆದರೆ ಮಳೆ ನಿಂತ ಅರ್ಧ ದಿನದ ಹೊಳವು ಸಿಗುತ್ತಿಲ್ಲ. ಶನಿವಾರ ನಾನು ಶಿವಮೊಗ್ಗದಿಂದ ಹೋದಾಗ ದೊಡ್ಡಪ್ಪ ಜಗಲಿ ಮೇಲೆ ಕೂತು ಆಕಾಶಕ್ಕೆ ಬೈಯುತ್ತಿದ್ದರು. ಇದ್ದಕ್ಕಿದ್ದ ಹಾಗೆ, "ಸುಮ್ನೆ ಕೂತು ಏನು ಮಾಡೋದು? ನಾಳೆ ಕಡಲಿಗೆ ಹೋಗಿ ಬರೋಣ" ಅಂದರು.

ಈ ಮಳೇಲಾ?

"ಬಿಸಿಲಲ್ಲಿ ನೋಡಿದೀನಿ. ಮಳೇಲಿ ನೋಡಿಲ್ಲ."

ಮಾರನೇ ದಿನ ಎಂಟೂವರೆಯ ಲೆಕ್ಕ ಮುಗಿಸಿಯೇ ಕಾರು ಹತ್ತಿದರು. ತೊಡೆ ಮೇಲೆ ಮಳೆಮಾಪಕ.

ಯಡೂರು, ಮಾಸ್ತಿಕಟ್ಟೆ ದಾಟಿ ಹುಲಿಕಲ್. ಬೆಳಿಗ್ಗೆ ಹತ್ತಕ್ಕೇ ಹೆಡ್‌ಲೈಟ್ ಹಾಕಬೇಕಾಯಿತು. ಚಂಡಿಕಾಂಬೆಗೆ ಕೈಮುಗಿದು ಬಾಳೆಬರೆ ಘಾಟಿ ಇಳಿಯಲು ಶುರು ಮಾಡಿದೆವು. ಮೂರನೇ ತಿರುವೋ ನಾಲ್ಕನೆಯದೋ, ನನ್ನ ಕಡೆಯ ವೈಪರ್ ರಬ್ಬರ್ ಕಿತ್ತು ಹಾವಿನ ಹಾಗೆ ಹಾರಿಹೋಯಿತು. ತಪ್ಪು ನನ್ನದೇ, ಮೇ ತಿಂಗಳಲ್ಲೇ ಬದಲಾಯಿಸಬೇಕಿತ್ತು. ನೆನೆಯುತ್ತಾ ಇಳಿದು ದೊಡ್ಡಪ್ಪನ ಕಡೆಯ ಬ್ಲೇಡ್ ತೆಗೆದು ನನ್ನ ಕಡೆಗೆ ಹಾಕಿದೆ. ಒಂದು ಗೇಣು ಗಿಡ್ಡ, ಆದರೂ ನಡೆಯಿತು. ಈಗ ಅವರಿಗೆ ಏನೂ ಕಾಣುತ್ತಿಲ್ಲ. ಅದಕ್ಕೆ ಎಲೆಅಡಿಕೆ ಸಂಚಿಯಿಂದ ಹೊಗೆಸೊಪ್ಪು ತೆಗೆದು, ಒದ್ದೆ ಮಾಡಿ, ಗಾಜಿನ ಹೊರಗೆ ಚೆನ್ನಾಗಿ ತಿಕ್ಕಿದರು. ಹಳೇ ಲಾರಿ ಡ್ರೈವರುಗಳ ಉಪಾಯವಂತೆ. ಹನಿ ಹನಿಯಾಗಿ ನಿಲ್ಲುತ್ತಿದ್ದ ನೀರು ತೆಳ್ಳಗೆ ಹಾಳೆಯ ಹಾಗೆ ಜಾರತೊಡಗಿತು. ನನಗಿಂತ ಅವರಿಗೇ ಚೆನ್ನಾಗಿ ಕಾಣುತ್ತಿತ್ತೇನೋ. ಕಾಲಿಗೆ ಹತ್ತಿ ರಕ್ತ ಹೀರುತ್ತಿದ್ದ ಎರಡು ಉಂಬಳಕ್ಕೂ ಅದೇ ಹೊಗೆಸೊಪ್ಪು.

ದಾರಿಯುದ್ದಕ್ಕೂ ಅವರದ್ದು ಒಂದೇ ತಲೆಬಿಸಿ. ಮೋಡ ಬರೋದು ಕಡಲಿಂದ. ಘಟ್ಟಕ್ಕೆ ಬಡಿದರೆ ಮೇಲೆ ಹತ್ತಲೇಬೇಕು. ಹತ್ತಿದರೆ ತಣ್ಣಗಾಗುತ್ತೆ. ತಣ್ಣಗಾದರೆ ಹೊತ್ತಿದ್ದನ್ನೆಲ್ಲ ಇಳಿಸಬೇಕು. ಅದಕ್ಕೇ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ. ಇದೆಲ್ಲ ಗೊತ್ತಿದ್ದದ್ದೇ. "ಆದ್ರೆ ಹತ್ತೋ ಮೊದಲು ಅಲ್ಲಿ ಎಷ್ಟು ಉದುರಿಸಿ ಬರುತ್ತೆ ಅಂತ ನೋಡಬೇಕಲ್ಲ!"

ಹೊಸಂಗಡಿ, ಸಿದ್ದಾಪುರ, ಕುಂದಾಪುರ. ತ್ರಾಸಿ ದಾಟಿದ ಮೇಲೆ ಮರವಂತೆ.

ಬೇಸಿಗೆಯಲ್ಲಿ ಇಲ್ಲಿ ಕಾರು ನಿಲ್ಲಿಸಲು ಜಾಗ ಸಿಗಲ್ಲ. ಈಗ ನಾವು ಮತ್ತು ಒಂದು ನಾಯಿ. ಹೆದ್ದಾರಿಯ ಒಂದು ಬದಿ ಸೌಪರ್ಣಿಕಾ, ಕೆಸರು ನೀರು ತುಂಬಿಕೊಂಡು ಸದ್ದಿಲ್ಲದೆ ನಿಂತಿದೆ. ಇನ್ನೊಂದು ಬದಿ ಕಡಲು. ನೀಲಿ ಅನ್ನುವುದು ಎಲ್ಲೂ ಇಲ್ಲ. ಹಾಲು ಕಮ್ಮಿ ಹಾಕಿದ ಚಹಾದ ಬಣ್ಣ. ಕಡಲ್ಕೊರೆತಕ್ಕೆ ಅಡ್ಡ ಹಾಕಿರುವ ಬಂಡೆಗಳಿಗೆ ಅಲೆ ಬಡಿದಾಗ ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ಕೇಳುತ್ತಿತ್ತು. ದೊಡ್ಡಪ್ಪ ಐದು ನಿಮಿಷ ಮಾತಾಡಲಿಲ್ಲ. ಅವರ ಮಟ್ಟಿಗೆ ಅದು ಜಾಸ್ತಿಯೇ.

ಆಮೇಲೆ ಕೆಲಸಕ್ಕೆ ಇಳಿದರು. ತೆಂಗಿನ ಮರದಿಂದ ದೂರ, ಮರಳಲ್ಲಿ ಮಾಪಕ ನೆಟ್ಟು, ಗಾಳಿಗೆ ಬೀಳದಂತೆ ಸುತ್ತ ಕಲ್ಲು ಜೋಡಿಸಿದರು. ಹತ್ತಿರದ ತಗಡಿನ ಶೆಡ್ಡಿನಲ್ಲಿ ಬಲೆ ಹೆಣೆಯುತ್ತಿದ್ದ ನಾಲ್ಕು ಜನ ಇದನ್ನೆಲ್ಲ ನೋಡುತ್ತಿದ್ದರು. ನಾವೂ ಅಲ್ಲೇ ಹೋಗಿ ನಿಂತೆವು. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ನಾಡದೋಣಿಗೆ ಅಡ್ಡಿಯಿಲ್ಲ, ಆದರೆ ಈ ಅಲೆಗೆ ಇಳಿಯೋದು ಹೇಗೆ? ನಮ್ಮ ಬೋರ್ಡೋ ಹೊಳವಿಗೆ ಕಾದ ಹಾಗೆ ಅವರೂ ಕಾಯುತ್ತಿದ್ದರು. ಅವರಲ್ಲೊಬ್ಬರು ಕೊನೆಗೂ ಕೇಳಿಯೇ ಬಿಟ್ಟರು, "ಅದೆಂತ ಮಾರಾಯ್ರೆ?"

ದೊಡ್ಡಪ್ಪ ವಿವರಿಸಿದರು. ಆತ ಒಂದು ಕ್ಷಣ ಯೋಚಿಸಿ, "ಮೀನ್ ಹಿಡೂಕೆ ಬಪ್ಪವ್ರನ್ನ ಕಂಡಿದ್ದೆ. ಮಳಿ ಹಿಡೂಕೆ ಬಂದವ್ರನ್ನ ಇವತ್ತೇ ಕಂಡದ್ದ್" ಅಂದರು. ಶೆಡ್ಡಿಗೆ ಶೆಡ್ಡೇ ನಕ್ಕಿತು, ದೊಡ್ಡಪ್ಪನನ್ನೂ ಸೇರಿಸಿ.

ಎರಡು ಗಂಟೆ ಕಳೆಯಿತು. ಗಂಗೊಳ್ಳಿಯಲ್ಲಿ ಐದು ನದಿ ಒಟ್ಟಿಗೆ ಕಡಲು ಸೇರುತ್ತವೆ ಅನ್ನುವ ಮಾತು ಬಂತು. ನಮ್ಮ ಮಾಣಿ ಡ್ಯಾಮಿನ ವಾರಾಹಿಯೂ ಅದರಲ್ಲಿ ಒಂದು. "ನಿಮ್ಮನಿ ನೀರೂ ಇಲ್ಲಿಗೇ ಬತ್ತ್ ಅಲ್ದಾ?" ಅಂತ ಕೇಳಿದರು. ಇಲ್ಲ. ನಮ್ಮ ತೋಟದ ಹಳ್ಳ ತುಂಗೆಗೆ ಹೋಗುತ್ತೆ. ಇಷ್ಟು ಹತ್ತಿರದ ಕಡಲಿಗೆ ಬೆನ್ನು ಹಾಕಿ, ಭದ್ರೆ ಸೇರಿ, ಕೃಷ್ಣೆ ಸೇರಿ, ಬಂಗಾಳ ಕೊಲ್ಲಿಗೆ. ಇದನ್ನು ಹೇಳುವಾಗ ದೊಡ್ಡಪ್ಪನಿಗೆ ಸ್ವಲ್ಪ ನಾಚಿಕೆ ಆದಂತಿತ್ತು.

ಮಾಪಕ ತೆಗೆದು ನೋಡಿದರೆ ಕಾಲು ಇಂಚೂ ಇಲ್ಲ! ನಮ್ಮ ಒಳಬಟ್ಟೆಯವರೆಗೆ ನೆಂದಿದೆ, ಅದರಲ್ಲಿ ತಳ ಮುಚ್ಚುವಷ್ಟು ನೀರು. ಮಳೆ ಅಲ್ಲಿ ಬೀಳುತ್ತಲೇ ಇರಲಿಲ್ಲ, ಅಡ್ಡಡ್ಡ ಓಡುತ್ತಿತ್ತು. ಮಾಪಕದ ಬಾಯಿ ಮೇಲಿಂದ ಹಾರಿ ಸೀದಾ ನಮ್ಮ ಕಡೆಗೆ. ದೊಡ್ಡಪ್ಪ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ ಮುಖ ಕಿವಿಚಿದರು. ಉಪ್ಪು. ಆ ಕಾಲು ಇಂಚಿನಲ್ಲೂ ಅಲೆಯ ಪಾಲು ಎಷ್ಟೋ.

ಬೈಂದೂರಿನವರೆಗೆ ಹೋಗಿ, ಒತ್ತಿನೆಣೆ ಗುಡ್ಡ ಹತ್ತಿದೆವು. ಮೋಡ ಬಿಟ್ಟು ಏನೂ ಕಾಣಲಿಲ್ಲ, ವಾಪಸ್. ಕೊಲ್ಲೂರಲ್ಲಿ ಊಟ. ನಾಗೋಡಿ ಘಾಟಿ ಹತ್ತುವಾಗ ಮಳೆ ಮತ್ತೆ ನೆಟ್ಟಗೆ, ಮನೆ ಮಳೆಯ ಹಾಗೆ, ಸುರಿಯತೊಡಗಿತು. "ಇದು ಮಳೆ" ಅಂದು ದೊಡ್ಡಪ್ಪ ಸೀಟಿಗೆ ಒರಗಿದರು. ನಿಟ್ಟೂರು ಬರುವಷ್ಟರಲ್ಲಿ ಗೊರಕೆ.

ನಗರ ಅನ್ನುವ ಊರು ದಾಟುವಾಗ ಧಡಕ್ಕನೆ ಎದ್ದು ಕೂತರು. ಮಾಪಕ ಕಾರಲ್ಲಿದೆ. ಹಾಗಾದರೆ ಇವತ್ತಿಡೀ ಮನೆ ಅಂಗಳದಲ್ಲಿ ಸುರಿದದ್ದು?

ಮಾರನೇ ಬೆಳಿಗ್ಗೆ ಪಕ್ಕದ ತೋಟದವರಿಗೆ ಫೋನ್ ಮಾಡಿ ಕೇಳಿದರು. ನಾಲ್ಕೂ ಮುಕ್ಕಾಲು ಅಂದರಂತೆ. "ಅವನ ಮಾಪಕದ ಮೇಲೆ ಹಲಸಿನ ಕೊಂಬೆ ಇದೆ, ಅದು ಲೆಕ್ಕಕ್ಕಿಲ್ಲ" ಅಂತ ಗೊಣಗಿದರು. ನಾನು ಹೊರಡುವ ಮೊದಲು ನೋಟ್‌ಬುಕ್ ಇಣುಕಿ ನೋಡಿದೆ. ಪುನರ್ವಸು, 4¾, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಅದರ ಕೆಳಗೆ ಸಣ್ಣಕ್ಷರದಲ್ಲಿ: ಮರವಂತೆ, ¼, ಉಪ್ಪು.