ಕಿಟಕಿಗೆ ಕಟ್ಟಿದ ತಟ್ಟಿ

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ನಾವು ಕೊಂಡ ಮನೆ 1926ರದ್ದು. ಹತ್ತೊಂಬತ್ತು ಕಿಟಕಿ, ಎಲ್ಲವೂ ಮರದವು, ಮೇಲೆ ಕೆಳಗೆ ಜಾರುವ ಪಡಿಗಳು. ಅಲ್ಲಿ ನಮ್ಮ ಮೊದಲ ಚಳಿಗಾಲವೇ 2019ರದ್ದು. ಜನವರಿ 30ರ ಬೆಳಿಗ್ಗೆ ಹೊರಗೆ ಮೈನಸ್ 33 ಡಿಗ್ರಿ ಸೆಲ್ಸಿಯಸ್. ಅಡುಗೆಮನೆ ಕಿಟಕಿಯ ಪಡಿ ಚೌಕಟ್ಟಿಗೆ ಹೆಪ್ಪುಗಟ್ಟಿ ಕೂತಿತ್ತು.

ಗಾಬರಿಗೆ ಎಲ್ಲಾ ಮುಚ್ಚಿದೆವು. ಒಳಗಡೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಹೇರ್ ಡ್ರೈಯರ್ ಹಿಡಿದು ತಮಟೆ ಚರ್ಮದ ಹಾಗೆ ಬಿಗಿ ಮಾಡಿದ್ದಾಯಿತು. ಚಳಿಗಾಳಿ ತಡೆಯಲು ಕಿಟಕಿಯ ಹೊರಗೆ ಇನ್ನೊಂದು ಗಾಜಿನ ಕಿಟಕಿ ಇರುತ್ತದೆ, ಸ್ಟಾರ್ಮ್ ವಿಂಡೋ ಅಂತ. ಅದರ ಬುಡದಲ್ಲಿ ಎರಡು ಸಣ್ಣ ತೂತು ಕಂಡವು. ಗಾಳಿ ಇಲ್ಲಿಂದಲೇ ಬರುತ್ತಿದೆ ಅಂತ ಬೇಸಿಗೆಯಲ್ಲಿ ಸೀಲೆಂಟ್ ತುಂಬಿದೆ. ಅವು ನೀರು ಹೊರಹೋಗುವ ತೂತುಗಳು! ಎರಡು ವರ್ಷ ಬಿಟ್ಟು ಸ್ಕ್ರೂಡ್ರೈವರ್ ಒತ್ತಿದರೆ ಕೆಳಗಿನ ಮರ ಚಹಾದಲ್ಲಿ ನೆನೆದ ರಸ್ಕು.

ನೋಡಲು ಬಂದ ಕಂಟ್ರಾಕ್ಟರು, 'ಅಲ್ಯುಮಿನಿಯಂ ತಗಡು ಹೊದೆಸಿಬಿಡೋಣ, ಪೇಂಟಿನ ರಗಳೆಯೇ ಇರಲ್ಲ' ಅಂದ. ಪೇಂಟಿನ ರಗಳೆ ಇರಲ್ಲ, ಒಪ್ಪೋಣ. ಸಂದಿಯಲ್ಲಿ ತಗಡಿನ ಹಿಂದೆ ನುಗ್ಗಿದ ನೀರು ಎಲ್ಲಿಗೆ ಹೋಗಬೇಕು?

ಸಾಗರದಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ನಕ್ಕಳು. 'ಮಳೆಗಾಲಕ್ಕೆ ಜಗಲಿಗೆ ಸೋಗೆ ತಟ್ಟಿ ಕಟ್ತೀವಿ, ಮಳೆ ಹೋದ್ಮೇಲೆ ಬಿಚ್ಚಲ್ವಾ? ನೀನು ಬಿಚ್ಚೋದೇ ಇಲ್ಲ ಅಂದ್ರೆ ಮರ ಒಣಗೋದು ಯಾವಾಗ ಮಾರಾಯ್ತಿ?'

ಈಗ ಬೇಸಿಗೆಗೆ ಎರಡೋ ಮೂರೋ ಕಿಟಕಿ ಬಿಚ್ಚುತ್ತೇನೆ. 1978ಕ್ಕಿಂತ ಹಿಂದಿನ ಮನೆಯ ಪೇಂಟಿನಲ್ಲಿ ಸೀಸ ಇರಬಹುದು, ಹಾಗಾಗಿ ಒಣ ಉಜ್ಜಾಟ ಇಲ್ಲ. ನೀರು ಚಿಮುಕಿಸಿಯೇ ಕೆರೆಯುವುದು, ಮಗಳು ಅತ್ತ ಸುಳಿಯುವ ಹಾಗಿಲ್ಲ. ಚೌಕಟ್ಟಿನ ಪಕ್ಕದ ಗೂಡಿನಲ್ಲಿ ಪಡಿಯ ಭಾರ ಸರಿದೂಗಿಸುವ ಕಬ್ಬಿಣದ ಗುಂಡು, ಸೌತೆಕಾಯಿ ಗಾತ್ರದ್ದು, ಹರಿದ ಹಗ್ಗದ ಜೊತೆ ಬಿದ್ದಿರುತ್ತದೆ. ಹೊಸ ಹತ್ತಿ ಹಗ್ಗ ಕಟ್ಟಿದರೆ ಆಯಿತು. ಗಾಜು ಕೂರಿಸಲು ಪುಟ್ಟಿ ಹಚ್ಚುವುದು ಮಾತ್ರ ನನಗೆ ಇಷ್ಟದ ಕೆಲಸ. ಅಗಸೆ ಎಣ್ಣೆಯ ಪುಟ್ಟಿಯನ್ನು ಚಪಾತಿ ಹಿಟ್ಟಿನ ಹಾಗೆ ಅಂಗೈಯಲ್ಲಿ ನಾದಿ, ಗಾಜಿನ ಅಂಚಿಗೆ ಒತ್ತಿ, ಚಾಕುವನ್ನು ಓರೆ ಹಿಡಿದು ಒಂದೇ ಸಲ ಎಳೆಯಬೇಕು. ನಡುವೆ ಕೈ ನಿಂತರೆ ಅಲ್ಲೊಂದು ಗೆರೆ ಖಾತ್ರಿ. ಮೇಲೆ ಕೆನೆ ಕಟ್ಟುವವರೆಗೆ ಪೇಂಟ್ ಮುಟ್ಟುವಂತಿಲ್ಲ.

ಗುಟ್ಟು ಇಷ್ಟೇ: ಒಳಗಿನ ಪಡಿ ಬಿಗಿಯಾಗಿರಬೇಕು, ಹೊರಗಿನ ಸ್ಟಾರ್ಮ್ ವಿಂಡೋ ಚೂರು ಉಸಿರಾಡಬೇಕು. ನಾನು ಉಲ್ಟಾ ಮಾಡಿದ್ದೆ. ಕುಕ್ಕರಿನ ಹಬೆಯೆಲ್ಲ ಪಡಿಯ ಸಂದಿಯಲ್ಲಿ ನುಸುಳಿ ಹೊರಗಾಜಿಗೆ ತಾಗಿ ಹಿಮವಾಗುತ್ತಿತ್ತು.

ಪ್ಲಾಸ್ಟಿಕ್ ಹಾಳೆಯನ್ನೇನು ನಾನು ದ್ವೇಷಿಸುವುದಿಲ್ಲ. ಸರದಿ ಬಾರದ ಉತ್ತರದ ಕೋಣೆಗಳಿಗೆ ಈಗಲೂ ನವೆಂಬರಿನಲ್ಲಿ ಅಂಟಿಸುತ್ತೇನೆ, ಏಪ್ರಿಲಿನಲ್ಲಿ ಕಿತ್ತು ಹಾಕುತ್ತೇನೆ.

ಕಳೆದ ಜನವರಿಯಲ್ಲಿ ಅಡುಗೆಮನೆ ಕಿಟಕಿಯ ಹೊರಗಾಜಿನಲ್ಲಿ ಎಂಟಾಣೆ ಅಗಲದ ಹಿಮ, ಎಡಮೂಲೆಯಲ್ಲಿ ಮಾತ್ರ. ಅಲ್ಲಿ ಗಾಳಿ ತಡೆಯುವ ಹಿತ್ತಾಳೆ ಪಟ್ಟಿಯನ್ನು ನಾನು ಅರ್ಧ ಇಂಚು ಗಿಡ್ಡ ಕತ್ತರಿಸಿದ್ದೆ.