ಯಕ್ಷಗಾನದ ಆಟದಲ್ಲಿ ದೇವರಿಗಿಂತ ರಾಕ್ಷಸನೇ ಚಂದ

ಯಕ್ಷಗಾನದಲ್ಲಿ ದೇವೇಂದ್ರನ ವೇಷ ಮಾಡುವವರನ್ನು ಕಂಡರೆ ನನಗೆ ಸ್ವಲ್ಪ ಪಾಪ ಅನಿಸುತ್ತದೆ. ಒಡ್ಡೋಲಗ ಅಂದರೆ ರಾಜಸಭೆಯ ಪ್ರವೇಶ ಕೊಟ್ಟು, ದಿಕ್ಪಾಲಕರ ಜೊತೆ ಕುಣಿದು, ಸ್ವರ್ಗದ ಕ್ಷೇಮ ವಿಚಾರಿಸಿ ಇನ್ನೇನು ಕೂರಬೇಕು, ಅಷ್ಟರಲ್ಲಿ ಯಾವನೋ ಅಸುರ ಬಂದು ಓಡಿಸುತ್ತಾನೆ. ಎಷ್ಟೋ ಪ್ರಸಂಗಗಳಲ್ಲಿ ಅವನ ಕೆಲಸ ಇಷ್ಟೇ. ಜನ ನಿದ್ದೆ ಬಿಟ್ಟು ಕೂತಿರುವುದು ಅವನನ್ನು ಓಡಿಸುವವನಿಗಾಗಿ, ಅಲ್ವಾ?

ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಬಣ್ಣದ ವೇಷ, ಅಂದರೆ ರಾಕ್ಷಸ ವೇಷ, ನೋಡಿದವರಿಗೆ ಇದು ಗೊತ್ತಿರುತ್ತದೆ. ದೇವತೆಗಳ ಮುಖಕ್ಕೆ ಬಣ್ಣ ಬಳಿದು ನಾಮ ಎಳೆದರೆ ಹೆಚ್ಚುಕಡಿಮೆ ಮುಗಿಯಿತು. ರಾಕ್ಷಸನಿಗೆ ಹಾಗಲ್ಲ. ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ ಕಲಸಿ, ಮುಖದ ಮೇಲೆ ಮುಳ್ಳು ಮುಳ್ಳಾಗಿ ಒಂದೊಂದೇ ಚಿಟ್ಟಿ ಇಡಬೇಕು. ಒಂದು ಸಾಲು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಗಂಟೆಗಟ್ಟಲೆ ಹಿಡಿಯುವ ಕೆಲಸ ಇದು, ಮಧ್ಯೆ ಜೋರಾಗಿ ನಗುವ ಹಾಗೂ ಇಲ್ಲ. ಅದರಲ್ಲೂ ರಾವಣನಂಥ ರಾಜಬಣ್ಣ ಬೇರೆ, ಕಾಡು ರಾಕ್ಷಸರ ಕಾಟುಬಣ್ಣ ಬೇರೆ, ಶೂರ್ಪನಖಿಯಂಥವರ ಹೆಣ್ಣುಬಣ್ಣ ಬೇರೆ. ತಲೆಯ ಹಿಂದೆ ಅಷ್ಟು ದೊಡ್ಡ ಕೇಸರಿತಟ್ಟಿ ಕಿರೀಟ ಹೊತ್ತು, ಅರ್ಧ ಹಿಡಿದ ತೆರೆಯ ಹಿಂದೆ ಕುಣಿಯುತ್ತಾ, ಒಮ್ಮೆ ಕಿರೀಟ, ಒಮ್ಮೆ ಕಣ್ಣು ಅಂತ ತೋರಿಸಿ ತೋರಿಸಿ ಆಮೇಲೆ ಪೂರ್ತಿ ಮುಖ ಕೊಡುತ್ತಾನೆ. ರಾಕ್ಷಸ ವೇಷಕ್ಕೇ ಹೆಸರಾದ ಕಲಾವಿದ ಬಣ್ಣದ ಮಹಾಲಿಂಗ ಅವರನ್ನು ನೋಡಿ, ವೇಷವೇ ಹೆಸರಿಗೆ ಅಂಟಿಕೊಂಡಿತು. ದೇವೇಂದ್ರನ ವೇಷದಿಂದ ಅಂಥ ಹೆಸರು ಬಂದವರು ಯಾರಾದರೂ ಇದ್ದರೆ ಹೇಳಿ.

ಇನ್ನು ಮಹಿಷಾಸುರ. ಕಟೀಲು ದೇವಸ್ಥಾನದ ಯಕ್ಷಗಾನ ತಂಡ ಕಟೀಲು ಮೇಳದ ದೇವೀ ಮಹಾತ್ಮೆ ಪ್ರಸಂಗವನ್ನು ಹರಕೆ ಆಟವಾಗಿ ಆಡಿಸಲು ಜನ ವರ್ಷಗಟ್ಟಲೆ ಕಾಯುತ್ತಾರೆ. ಹರಕೆ ದೇವಿಗೆ, ಸರಿ. ಆದರೆ ಮಹಿಷ ಬರುವ ಹೊತ್ತಿಗೆ ಮಲಗಿದ ಮಕ್ಕಳನ್ನೆಲ್ಲ ಎಬ್ಬಿಸುತ್ತಾರೆ! ಅವನು ಚೌಕಿಯಿಂದ ನೇರ ರಂಗಕ್ಕೆ ಬರುವುದಿಲ್ಲ. ಜನರ ನಡುವಿನಿಂದ, ಕೊಂಬು ತಿರುಗಿಸುತ್ತಾ, ದೊಂದಿಯ (ಪಂಜಿನ) ಬೆಂಕಿಯಲ್ಲಿ ಆರ್ಭಟೆ ಕೊಡುತ್ತಾ ಬರುತ್ತಾನೆ. ಆ ಹೊತ್ತಿಗೆ ಚೆಂಡೆ ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ.

ನನಗೆ ಅದಕ್ಕಿಂತ ಜಾಸ್ತಿ ಇಷ್ಟ ಅವನ ಮನೆ ಕತೆ. ಮಾರ್ಕಂಡೇಯ ಪುರಾಣದಲ್ಲಿ ದೇವಿಯ ಈ ಕತೆಗೆ 13 ಅಧ್ಯಾಯಗಳಿವೆ. ಮಹಿಷ 3ನೇ ಅಧ್ಯಾಯಕ್ಕೇ ಸಾಯುತ್ತಾನೆ, ಅವನನ್ನು ಹೆತ್ತವರು ಯಾರು ಅನ್ನುವ ಸುದ್ದಿಯೇ ಅಲ್ಲಿಲ್ಲ. ನಮ್ಮ ಆಟದಲ್ಲಿ ಅವನಿಗೆ ಅಮ್ಮ ಇದ್ದಾಳೆ, ಮಾಲಿನಿ. ಅಸುರರಿಗೆ ಆದ ಅನ್ಯಾಯದ ಸಿಟ್ಟು ಅವಳಿಗಿದೆ, ಅದನ್ನು ಹೊತ್ತು ಮಗ ಸ್ವರ್ಗಕ್ಕೆ ನುಗ್ಗುತ್ತಾನೆ. ಒಳ್ಳೆಯ ಅರ್ಥಧಾರಿಗಳು, ಅಂದರೆ ಮಾತು ಬಲ್ಲ ಕಲಾವಿದರು, ಸಿಕ್ಕರೆ ತಾಯಿ ಮಗನ ಆ ಮಾತು ಕೇಳುತ್ತಾ ನೀವು ಸುಮ್ನೆ ಅವನ ಕಡೆ ವಾಲಿರುತ್ತೀರಿ. ಕೊನೆಗೆ ದೇವಿ ಕೊಂದಾಗ ಕೈ ಮುಗಿಯುತ್ತೀರಿ ಕೂಡ. ಎರಡೂ ಒಂದೇ ರಾತ್ರಿಯಲ್ಲಿ ನಡೆಯುತ್ತದೆ, ಯಾರಿಗೂ ಅದು ವಿಚಿತ್ರ ಅನಿಸುವುದಿಲ್ಲ.

ರಾಕ್ಷಸನನ್ನು ನಾವು ದೂರ ಇಟ್ಟವರೇ ಅಲ್ಲ ಬಿಡಿ. ಕಟ್ಟುತ್ತಿರುವ ಮನೆಗೆ ದೃಷ್ಟಿಬೊಂಬೆ ಅಂತ ತೂಗುಹಾಕುವುದು ಕೋರೆಹಲ್ಲಿನ ಮುಖವನ್ನೇ. ಚಾಮುಂಡಿ ಬೆಟ್ಟಕ್ಕೆ ಹೋದವರು ದೇವಿ ದರ್ಶನಕ್ಕೆ ಮೊದಲು ಫೋಟೊ ಹೊಡೆಸಿಕೊಳ್ಳುವುದೂ ಕತ್ತಿ, ಹಾವು ಹಿಡಿದು ನಿಂತ ಮಹಿಷನ ಮುಂದೆ.

ಈಗ ರಾತ್ರಿಯಿಡೀ ಆಡದೆ ಕೆಲವೇ ಗಂಟೆಗಳಲ್ಲಿ ಮುಗಿಸುವ ಕಾಲಮಿತಿ ಆಟಗಳು ಜಾಸ್ತಿ. ಮೈಕು, ಗದ್ದಲ, ಬೆಳಗ್ಗೆ ಆಫೀಸು, ಕಾರಣಗಳು ಅರ್ಥವಾಗುತ್ತವೆ, ತಕರಾರಿಲ್ಲ. ಆದರೆ ಹೊತ್ತು ಕಮ್ಮಿಯಾದಾಗ ಕತ್ತರಿ ಬೀಳುವುದು ಮಾತಿಗೆ, ಬೆಂಕಿಗಲ್ಲ. ಫೋನಿನಲ್ಲೂ ಅದೇ ಕತೆ. ಮಹಿಷನ ಪ್ರವೇಶದ ರೀಲ್‌ಗಳು ದಿನಾ ಕಣ್ಣಿಗೆ ಬೀಳುತ್ತವೆ, ಮಾಲಿನಿಯ ಹತ್ತಿರ ಅವನು ಮಾತಾಡುವುದನ್ನು ಹಾಕಿದವರು ನನಗಂತೂ ಒಬ್ಬರೂ ಸಿಕ್ಕಿಲ್ಲ. ನಿಮ್ಮ ಹತ್ತಿರ ಇದ್ದರೆ ಕಳಿಸಿ.